ಮಿದುಳಿನ ಆಪರೇಷನ್ ಮತ್ತು ರಕ್ತ ತೆಳುವಾಗಿಸುವ ಮಾತ್ರೆಗಳ ದಿನಲೆಕ್ಕ

ಮಿದುಳಿನ ಗೆಡ್ಡೆಗೆ ಆಪರೇಷನ್ ದಿನ ಗೊತ್ತಾದ ಕೂಡಲೇ ರೋಗಿ ನುಂಗುವ ಅಷ್ಟೂ ಮಾತ್ರೆಗಳ ಸ್ಟ್ರಿಪ್‌ಗಳನ್ನು ಒಂದು ಚೀಲಕ್ಕೆ ಹಾಕಿ ವೈದ್ಯರ ಮೇಜಿನ ಮೇಲೆ ಸುರಿಯಿರಿ. ಬಾಯಲ್ಲಿ ಹೆಸರು ಹೇಳಿದರೆ ಸಾಲದು. ಆಸ್ಪಿರಿನ್ ನಿಲ್ಲಿಸಿದ್ದೇವೆ ಎನ್ನುವವರ ಚೀಲದಲ್ಲೇ 'ಕೊಲೆಸ್ಟರಾಲ್ ಮಾತ್ರೆ' ಎಂದುಕೊಂಡ ಕ್ಯಾಪ್ಸೂಲ್ ಇರಬಹುದು. ಹಿಂಬದಿಯ ಸಣ್ಣ ಅಕ್ಷರ ಓದಿದರೆ ಕೊಲೆಸ್ಟರಾಲ್ ಇಳಿಸುವ ಅಟೊರ್ವಾಸ್ಟಾಟಿನ್ ಜೊತೆ ರಕ್ತ ತೆಳುವಾಗಿಸುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಎರಡೂ ಇರುತ್ತವೆ. ಮಂಡಿನೋವಿನ ಡೈಕ್ಲೊಫೆನಾಕ್, ಐಬುಪ್ರೊಫೆನ್ ಕೂಡ ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳ ಕೆಲಸ ಕೆಡಿಸುತ್ತವೆ.

ಇಷ್ಟು ಎಚ್ಚರ ಏಕೆಂದರೆ ತಲೆಬುರುಡೆ ಹಿಗ್ಗುವುದಿಲ್ಲ. ಒಳಗೆ ರಕ್ತ ಶೇಖರವಾದರೆ ಮಿದುಳೇ ಒತ್ತಿಹೋಗುತ್ತದೆ.

ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಪರಿಣಾಮ ಆ ಪ್ಲೇಟ್‌ಲೆಟ್ ಬದುಕಿರುವವರೆಗೂ ಉಳಿಯುತ್ತದೆ. ಹೊಸವು ಹುಟ್ಟಿ ಬರಲು ಸಾಮಾನ್ಯವಾಗಿ 7 ದಿನ ಕೊಡುತ್ತಾರೆ. ವಾರ್ಫರಿನ್ 5 ದಿನ, ಅದೇ ಗುಂಪಿನ ಅಸಿಟ್ರಾಂ ಸುಮಾರು 3 ದಿನ ಮೊದಲೇ ನಿಲ್ಲಬೇಕು. ಹಿಂದಿನ ದಿನ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ) 1.4ಕ್ಕಿಂತ ಕೆಳಗೆ, ಪ್ಲೇಟ್‌ಲೆಟ್ 1 ಲಕ್ಷದ ಮೇಲೆ ಇದೆಯೇ ನೋಡುತ್ತಾರೆ. ಅಪಿಕ್ಸಬಾನ್, ರಿವರಾಕ್ಸಬಾನ್‌ಗೆ 2ರಿಂದ 3 ದಿನ. ಡಾಬಿಗಟ್ರಾನ್ ಕಿಡ್ನಿಯಿಂದ ಹೊರಹೋಗುವುದರಿಂದ ಕಿಡ್ನಿ ದುರ್ಬಲವಿದ್ದರೆ 4 ದಿನವೂ ಬೇಕಾದೀತು. ಈ ಮೂರರ ವಿಷಯದಲ್ಲಿ ಐಎನ್‌ಆರ್ ನಾರ್ಮಲ್ ಬಂತೆಂದು ನಂಬಬೇಡಿ, ಔಷಧಿ ರಕ್ತದಲ್ಲಿದ್ದರೂ ಅದು ನಾರ್ಮಲ್ ತೋರಿಸಬಹುದು. ಕೊನೆಯ ಮಾತ್ರೆ ನುಂಗಿದ ದಿನ ಮತ್ತು ಗಂಟೆಯನ್ನು ಬರೆದಿಡಿ.

ಈ ದಿನಗಳನ್ನು ನೋಡಿ ನೀವೇ ಮಾತ್ರೆ ನಿಲ್ಲಿಸಬಾರದು. ಹೃದಯಕ್ಕೆ ಸ್ಟೆಂಟ್ ಅಥವಾ ಲೋಹದ ಕವಾಟ ಹಾಕಿದ್ದರೆ, ಮಾತ್ರೆ ತಪ್ಪಿದಾಗ ಅಲ್ಲೇ ಹೆಪ್ಪುಗಟ್ಟಿ ಜೀವಕ್ಕೆ ಕುತ್ತಾದೀತು. ಹೃದಯ ವೈದ್ಯರೂ ನ್ಯೂರೋ ಸರ್ಜನ್ನರೂ ಮಾತಾಡಿಕೊಂಡು ದಿನ ಬರೆದುಕೊಡಲಿ.

ಬಿದ್ದು ತಲೆಯಲ್ಲಿ ರಕ್ತಸ್ರಾವವಾದವರಿಗೆ ಕಾಯಲು ಸಮಯವಿಲ್ಲ. ವಾರ್ಫರಿನ್ ತೆಗೆದುಕೊಂಡಿದ್ದರೆ 10 ಮಿ.ಗ್ರಾಂ. ವಿಟಮಿನ್ ಕೆ ನಿಧಾನವಾಗಿ ನರಕ್ಕೆ ಕೊಡುತ್ತಾರೆ. ಅದು ಕೆಲಸ ಮಾಡಲು ಕೆಲವು ಗಂಟೆ ಹಿಡಿಯುತ್ತದೆ. ಜೊತೆಗೆ ಕೊಡುವ ಪಿಸಿಸಿ (ರಕ್ತ ಹೆಪ್ಪುಗಟ್ಟಿಸುವ ಅಂಶಗಳ ಸಾಂದ್ರ ಔಷಧಿ), ದೇಹತೂಕದ ಪ್ರತಿ ಕಿಲೋಗೆ 25–50 ಯೂನಿಟ್, ನಿಮಿಷಗಳಲ್ಲೇ ಐಎನ್‌ಆರ್ ಇಳಿಸುತ್ತದೆ. ಪಿಸಿಸಿ ಸಿಗದಿದ್ದರೆ ಪ್ಲಾಸ್ಮಾ, ಕಿಲೋಗೆ 10–15 ಮಿ.ಲೀ.; ಅಷ್ಟು ದ್ರವ ಹೃದಯ ಬಲವಿಲ್ಲದವರಿಗೆ ಉಸಿರು ಕಟ್ಟಿಸಬಹುದು.

ಆಪರೇಷನ್ ಆದ ಮೊದಲ 6 ಗಂಟೆ ಬಹಳ ಸೂಕ್ಷ್ಮ. ಮಾತಾಡುತ್ತಿದ್ದವರು ಮಂಪರಿಗೆ ಜಾರಿದರೆ, ಒಂದು ಕೈ ಸೋತರೆ, ಒಂದು ಕಣ್ಣಿನ ಪಾಪೆ ದೊಡ್ಡದಾದರೆ 'ಅರಿವಳಿಕೆಯ ಮಂಪರು' ಎಂದು ಸುಮ್ಮನಿರದೆ ಸಿಸ್ಟರ್‌ಗೆ ಹೇಳಿ. ಕೂಡಲೇ ಸಿಟಿ ಬೇಕು. ತಲೆಭಾಗ 30 ಡಿಗ್ರಿ ಎತ್ತರದಲ್ಲಿರಲಿ. ಬಿಪಿ ಏರಿದರೆ ಕಟ್ಟಿದ ರಕ್ತನಾಳ ಮತ್ತೆ ಬಿಚ್ಚೀತು. ಹೆಚ್ಚಿನವರಿಗೆ ಮೇಲಿನ ಅಂಕಿ 160 ದಾಟಬಾರದು.

ಮಲಗಿದವರ ಕಾಲಲ್ಲಿ ಹೆಪ್ಪುಗಟ್ಟುವ ಭಯ ಅಂದಿನಿಂದಲೇ ಶುರು. ಆಪರೇಷನ್ ಟೇಬಲ್‌ನಲ್ಲೇ ಕಾಲಿಗೆ ತೊಡಿಸುವ, ಗಾಳಿ ತುಂಬಿ ಒತ್ತುವ ಪಟ್ಟಿಗಳು ರಕ್ತಸ್ರಾವ ಹೆಚ್ಚಿಸದೆ ಕಾಪಾಡುತ್ತವೆ. ಮೈ ಒರೆಸುವಾಗ ಬಿಚ್ಚಿದ್ದನ್ನು ಮತ್ತೆ ಕಟ್ಟಲು ಮರೆಯುವುದೇ ದೊಡ್ಡ ತಪ್ಪು. ಸಿಟಿಯಲ್ಲಿ ಹೊಸ ರಕ್ತ ಕಾಣದಿದ್ದರೆ 24–48 ಗಂಟೆಯ ನಂತರ ಹೆಪ್ಪುಗಟ್ಟದಂತೆ ತಡೆಯುವ ಎನಾಕ್ಸಪರಿನ್ ಚುಚ್ಚುಮದ್ದು 40 ಮಿ.ಗ್ರಾಂ. ಹೊಟ್ಟೆಯ ಚರ್ಮದಡಿ ದಿನಕ್ಕೊಮ್ಮೆ ಶುರುಮಾಡುತ್ತಾರೆ. ಕಿಡ್ನಿ ತೊಂದರೆ ಇದ್ದರೆ ಪ್ರಮಾಣ ಬದಲಾಗುತ್ತದೆ.

ಒಂದೇ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ದಯವಿಟ್ಟು ಎಣ್ಣೆ ಹಚ್ಚಿ ತಿಕ್ಕಬೇಡಿ. ಒಳಗಿನ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು. ರಕ್ತನಾಳದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಆಗುವವರೆಗೆ ಆ ಕಾಲನ್ನು ಮುಟ್ಟದೆ ಬಿಡಿ.