ಮೀಟರು ತೋರಿಸುವ ಮೊದಲೇ ಗೊತ್ತಿರಬೇಕಾದ ಅಂಕಿ: ಇಂಗ್ಲೆಂಡಿನಲ್ಲಿ ನನ್ನ ಎಲೆಕ್ಟ್ರಿಷಿಯನ್ ಮೌಲ್ಯಮಾಪನದ ತಯಾರಿ

ಇಂಗ್ಲೆಂಡಿನಲ್ಲಿ ಮನೆಯೊಂದರ ವೈರಿಂಗ್ ಕೆಲಸ ಮಾಡಿ, ಅದು ಕಟ್ಟಡ ನಿಯಮಗಳಿಗೆ ತಕ್ಕಂತಿದೆ ಎಂದು ಎಲೆಕ್ಟ್ರಿಷಿಯನ್ ತಾನೇ ದೃಢೀಕರಿಸಬೇಕಾದರೆ, ಎನ್‌ಐಸಿಇಐಸಿ ಅಥವಾ ನ್ಯಾಪಿಟ್‌ನಂಥ ಸಂಸ್ಥೆಯ ಅರ್ಹತಾ ಯೋಜನೆಯಲ್ಲಿ ಅವನ ಹೆಸರು ನೋಂದಣಿಯಾಗಿರಬೇಕು. ಕಟ್ಟಡ ನಿಯಮಗಳಲ್ಲಿ ಮನೆಗಳ ವಿದ್ಯುತ್ ಸುರಕ್ಷತೆಯ ಭಾಗವಾದ ‘ಪಾರ್ಟ್ ಪಿ’ 2005ರ ಜನವರಿಯಲ್ಲಿ ಜಾರಿಗೆ ಬಂದಂದಿನಿಂದ ಈ ಏರ್ಪಾಡು ನಡೆದುಬಂದಿದೆ. ನೋಂದಣಿಗೆ ಮುನ್ನ ಮೌಲ್ಯಮಾಪಕರೊಬ್ಬರು ಬಂದು ನಮ್ಮ ಕಾಗದಪತ್ರ, ಉಪಕರಣ ಮತ್ತು ಮುಗಿಸಿದ ಕೆಲಸಗಳನ್ನು ದಿನವಿಡೀ ಪರಿಶೀಲಿಸುತ್ತಾರೆ. ಆ ಒಂದು ದಿನಕ್ಕಾಗಿ ನಾನು ಸುಮಾರು ನಾಲ್ಕು ತಿಂಗಳು ತಯಾರಾದೆ.

ನಾನು ದಾವಣಗೆರೆಯಲ್ಲಿ ಐಟಿಐ ಮುಗಿಸಿ ಹನ್ನೊಂದು ವರ್ಷ ಮನೆ ಹಾಗೂ ಅಂಗಡಿಗಳ ವೈರಿಂಗ್ ಮಾಡಿದವನು. ಹೆಂಡತಿಗೆ ಲೆಸ್ಟರ್‌ನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿದಾಗ ಇಲ್ಲಿಗೆ ಬಂದೆ. ಅನುಭವಿ ಕೆಲಸಗಾರರಿಗೆಂದೇ ಇರುವ ದಾರಿಯಲ್ಲಿ ಮೂರನೇ ಹಂತದ ಅರ್ಹತೆ, ಇಲ್ಲಿನ ವೈರಿಂಗ್ ನಿಯಮಾವಳಿಯಾದ ಬಿಎಸ್ 7671ರ ಹದಿನೆಂಟನೆಯ ಆವೃತ್ತಿಯ ಪರೀಕ್ಷೆ, ತಪಾಸಣೆ ಮತ್ತು ಪರೀಕ್ಷಣೆಯ ಕೋರ್ಸು, ಇವನ್ನು ಒಂದೊಂದಾಗಿ ಮುಗಿಸಿಕೊಂಡೆ. ಆದರೆ ಪುಸ್ತಕ ನೋಡಿ ಉತ್ತರ ಗುರುತಿಸುವುದಕ್ಕೂ, ಎದುರಿಗೆ ನಿಂತವರು “ಈ ಅಂಕಿ ಹೇಗೆ ಬಂತು?” ಎಂದು ಕೇಳಿದಾಗ ನಿಧಾನವಾಗಿ ವಿವರಿಸುವುದಕ್ಕೂ ಬಹಳ ಅಂತರವಿದೆ ಎಂಬುದು ತಯಾರಿ ಶುರು ಮಾಡಿದ ಮೇಲೆ ತಿಳಿಯಿತು.

ಮೊದಲು ಕೈಯ ಅಭ್ಯಾಸವೊಂದನ್ನು ಬಿಡಬೇಕಾಯಿತು. ಊರಿನಲ್ಲಿ ಜೇಬಿನ ನಿಯಾನ್ ಟೆಸ್ಟರ್ ಮುಟ್ಟಿಸಿ, ದೀಪ ಹತ್ತದಿದ್ದರೆ ಕರೆಂಟಿಲ್ಲವೆಂದು ಕೈ ಹಾಕುತ್ತಿದ್ದೆ. ಇಲ್ಲಿ ಅದನ್ನು ಪುರಾವೆಯೆಂದು ಯಾರೂ ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ಬ್ರೇಕರ್ ಇಳಿಸಿ ಅದಕ್ಕೆ ಬೀಗ ಹಾಕಿ ಎಚ್ಚರಿಕೆಯ ಚೀಟಿ ತೂಗುಹಾಕಬೇಕು. ವೋಲ್ಟೇಜ್ ಸೂಚಕ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ಪ್ರೂವಿಂಗ್ ಯೂನಿಟ್‌ನಲ್ಲಿ (ಸೂಚಕವನ್ನು ಪರೀಕ್ಷಿಸಲು ವೋಲ್ಟೇಜ್ ಕೊಡುವ ಚಿಕ್ಕ ಉಪಕರಣ) ನೋಡಬೇಕು. ಆಮೇಲೆ ಫೇಸ್-ನ್ಯೂಟ್ರಲ್, ಫೇಸ್-ಅರ್ತ್, ನ್ಯೂಟ್ರಲ್-ಅರ್ತ್ ಮೂರರ ನಡುವೆಯೂ ಅಳೆದು, ಕೊನೆಗೆ ಸೂಚಕವನ್ನು ಮತ್ತೊಮ್ಮೆ ಪ್ರೂವಿಂಗ್ ಯೂನಿಟ್‌ಗೆ ಹಿಡಿಯಬೇಕು. ಅಳೆಯುವ ಹೊತ್ತಿಗೆ ಸೂಚಕವೇ ಕೆಟ್ಟಿದ್ದರೆ ಅದು ತೋರಿಸಿದ ಸೊನ್ನೆಗೆ ಅರ್ಥವಿಲ್ಲ ಎಂಬುದೇ ಈ ಕೊನೆಯ ಹೆಜ್ಜೆಗೆ ಕಾರಣ. ಇದು ಯೋಚಿಸದೆ ಕೈಗೆ ಬರುವವರೆಗೂ, ನಮ್ಮ ಮನೆಯಲ್ಲಿ ಒಂದು ಸಾಕೆಟ್ ಬಿಚ್ಚಬೇಕಾದಾಗಲೂ ಪೂರ್ತಿ ಕ್ರಮವನ್ನು ಪಾಲಿಸಿದೆ.

ನನ್ನನ್ನು ಹೆಚ್ಚು ಕಾಡಿದ್ದು ರಿಂಗ್ ಸರ್ಕ್ಯೂಟ್. ನಾನು ಊರಿನಲ್ಲಿ ಕಲಿತದ್ದು ಮತ್ತು ಮಾಡಿದ್ದು ಡಿಬಿಯಿಂದ (ಬ್ರೇಕರ್‌ಗಳಿರುವ ಪೆಟ್ಟಿಗೆ) ಹೊರಟು ಕೊನೆಯ ಪಾಯಿಂಟಿನಲ್ಲಿ ಮುಗಿಯುವ ವೈರಿಂಗ್ ಮಾತ್ರ. ಇಲ್ಲಿ ಸಾಕೆಟ್‌ಗಳ ಕೇಬಲ್ಲು ಕನ್ಸ್ಯೂಮರ್ ಯೂನಿಟ್ಟಿನಿಂದ, ಅಂದರೆ ಇಲ್ಲಿನ ಡಿಬಿಯಿಂದ ಹೊರಟು, ಎಲ್ಲ ಸಾಕೆಟ್‌ಗಳನ್ನೂ ಮುಟ್ಟಿ, ಅದೇ 32 ಆಂಪಿಯರ್ ಬ್ರೇಕರ್‌ಗೆ ಮರಳಿ ಬರುತ್ತದೆ. ಪರೀಕ್ಷೆಯ ಮೊದಲ ಹೆಜ್ಜೆಯಲ್ಲಿ ಫೇಸ್, ನ್ಯೂಟ್ರಲ್ ಮತ್ತು ಅರ್ತ್ ವೈರುಗಳನ್ನು ತುದಿಯಿಂದ ತುದಿಗೆ ಅಳೆಯಬೇಕು. ಎರಡನೆಯದರಲ್ಲಿ ಒಂದು ಕಾಲಿನ (ಡಿಬಿಗೆ ಬರುವ ಕೇಬಲ್ಲಿನ ಎರಡು ತುದಿಗಳಲ್ಲಿ ಒಂದರ) ಫೇಸನ್ನು ಇನ್ನೊಂದು ಕಾಲಿನ ನ್ಯೂಟ್ರಲ್‌ಗೆ ಅಡ್ಡಡ್ಡ ಸೇರಿಸಿ ಪ್ರತಿ ಸಾಕೆಟ್ಟಿನಲ್ಲೂ ಅಳೆಯಬೇಕು. ಮೂರನೆಯದರಲ್ಲಿ ಫೇಸ್ ಮತ್ತು ಅರ್ತ್ ವೈರುಗಳಿಗೂ ಹಾಗೆಯೇ ಮಾಡಬೇಕು.

ಪರಿಚಯದವರ ಮನೆಯೊಂದರಲ್ಲಿ ಅಭ್ಯಾಸ ಮಾಡಿದಾಗ ಫೇಸ್ 0.52 ಓಮ್, ನ್ಯೂಟ್ರಲ್ 0.52, ಅರ್ತ್ 0.86 ಬಂತು. 2.5 ಚದರ ಮಿಲಿಮೀಟರಿನ ಫೇಸ್ ವೈರಿನ ಜೊತೆ 1.5ರ ಅರ್ತ್ ವೈರು ಇರುವ ಕೇಬಲ್ಲಿನಲ್ಲಿ ಅರ್ತ್‌ನ ರೋಧ ಸುಮಾರು 1.67 ಪಟ್ಟು ಇರಬೇಕಾದ್ದರಿಂದ ಇದು ಸರಿಯೇ. ಮೂರನೇ ಹೆಜ್ಜೆಗೆ ಬಂದಾಗ ಮಾತ್ರ ಮೊದಲ ಸಾಕೆಟ್ಟಿನಲ್ಲಿ ತೀರ ಕಡಿಮೆ, ಮುಂದೆ ಹೋದಂತೆ ಹೆಚ್ಚು, ಆಮೇಲೆ ಮತ್ತೆ ಕಡಿಮೆ, ಹೀಗೆ ಅಂಕಿ ಏರಿ ಇಳಿಯಿತು. ಸರ್ಕ್ಯೂಟಿನಲ್ಲೇ ದೋಷವಿದೆ ಎಂದುಕೊಂಡು ಮೂರು ಸಾಕೆಟ್‌ಗಳನ್ನು ಬಿಚ್ಚಿಯೂ ಬಿಟ್ಟೆ. ತಪ್ಪು ಇದ್ದದ್ದು ನನ್ನ ಜೋಡಣೆಯಲ್ಲಿ. ಅಡ್ಡಡ್ಡ ಸೇರಿಸುವ ಬದಲು ಒಂದೇ ಕಾಲಿನ ಫೇಸ್ ಮತ್ತು ಅರ್ತ್‌ಗಳನ್ನು ಒಟ್ಟಿಗೆ ಹಿಡಿದಿದ್ದೆ. ಹಾಗೆ ಸೇರಿಸಿದಾಗ ರಿಂಗಿನ ನಡುಮಧ್ಯದಲ್ಲಿ ಮಾತ್ರ ನಿಜವಾದ ಅಂಕಿ ಬರುತ್ತದೆ, ಡಿಬಿಯ ಕಡೆಗೆ ಬಂದಷ್ಟೂ ಅದು ಕುಸಿಯುತ್ತದೆ. ಸರಿಪಡಿಸಿ ಅಳೆದ ಮೇಲೆ ಎಲ್ಲ ಸಾಕೆಟ್‌ಗಳಲ್ಲೂ 0.35ರ ಆಸುಪಾಸು ಬಂತು. ಅದು 0.52 ಮತ್ತು 0.86ರ ಮೊತ್ತದ ಕಾಲು ಭಾಗ.

ಆ ಸಂಜೆಯಿಂದ ನನ್ನ ತಯಾರಿಯ ರೀತಿಯೇ ಬದಲಾಯಿತು. ಮೀಟರಿನ ತಂತಿ ಮುಟ್ಟಿಸುವ ಮೊದಲು, ಎಷ್ಟು ಬರಬೇಕು ಎಂಬುದನ್ನು ಪೆನ್ಸಿಲಿನಲ್ಲಿ ಬರೆದಿಟ್ಟುಕೊಳ್ಳತೊಡಗಿದೆ. ಬಂದ ಅಂಕಿ ಅದಕ್ಕಿಂತ ದೂರವಿದ್ದರೆ ಕಾರಣ ಸಿಗುವವರೆಗೂ ಸರ್ಟಿಫಿಕೇಟಿನಲ್ಲಿ ಏನನ್ನೂ ಬರೆಯುತ್ತಿರಲಿಲ್ಲ. ಮೀಟರು ತೋರಿಸಿದ್ದನ್ನು ನಕಲು ಮಾಡುವವನು ತನ್ನ ಜೋಡಣೆಯ ತಪ್ಪನ್ನೂ ಅದೇ ಕಾಗದದ ಮೇಲೆ ನಕಲು ಮಾಡುತ್ತಾನೆ, ಆ ಕಾಗದವನ್ನು ನಂಬಿ ಆ ಮನೆಯವರು ವರ್ಷಗಟ್ಟಲೆ ಬದುಕುತ್ತಾರೆ.

ಇಂಗ್ಲಿಷಿನಲ್ಲಿ ವಿವರಿಸುವುದು ನನಗೆ ಕಷ್ಟವಿದ್ದುದರಿಂದ, ಪ್ರತಿ ಪರೀಕ್ಷೆಯ ಕ್ರಮವನ್ನೂ ಮೊದಲು ಕನ್ನಡದಲ್ಲಿ ನೋಟ್‌ಪುಸ್ತಕಕ್ಕೆ ಬರೆದು, ರಾತ್ರಿ ಊಟವಾದ ಮೇಲೆ ಹೆಂಡತಿಯ ಎದುರು ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ. ಅವಳಿಗೆ ವಿದ್ಯುತ್ತಿನ ವಿಷಯ ಗೊತ್ತಿಲ್ಲ, ಆದರೆ ಔಷಧಿ ಕೊಡುವ ಮುನ್ನ ಒಂದೊಂದನ್ನೂ ಸರಿನೋಡುವ ಅಭ್ಯಾಸ ಅವಳದು. ಹೊರಗಿನ ಲೂಪ್ ಇಂಪೀಡೆನ್ಸ್ (ಅರ್ತ್ ದೋಷವಾದಾಗ ಕರೆಂಟ್ ಹರಿಯುವ ದಾರಿಯಲ್ಲಿ ಮನೆಯ ಹೊರಗಿನ ಭಾಗದ ರೋಧ) ಅಳೆಯಲು ಮುಖ್ಯ ಅರ್ತಿಂಗ್ ವೈರನ್ನು ಬಿಚ್ಚಬೇಕು ಎಂದು ಹೇಳುತ್ತಿದ್ದಾಗ ಅವಳು ತಡೆದು, “ರೀ, ಆ ವೈರು ಬಿಚ್ಚಿದ ಮೇಲೆ ಮನೆಗೆ ಅರ್ತಿಂಗೇ ಇರಲ್ವಲ್ಲ, ಆಗ ಯಾರಾದ್ರೂ ಗೀಸರ್ ಮುಟ್ಟಿದ್ರೆ?” ಎಂದು ಕೇಳಿದಳು. ಮೇನ್ ಸ್ವಿಚ್ ಇಳಿಸಿ ಬೀಗ ಹಾಕಿದ ನಂತರವೇ ಆ ವೈರು ಬಿಚ್ಚಬೇಕು, ಅದನ್ನು ಮತ್ತೆ ಸೇರಿಸಿದ ನಂತರವೇ ಸ್ವಿಚ್ ಏರಿಸಬೇಕು. ಇದು ನನಗೆ ತಿಳಿದಿತ್ತು, ಆದರೆ ನನ್ನ ಪಟ್ಟಿಯಲ್ಲೂ ಬಾಯಲ್ಲೂ ಬಂದಿರಲಿಲ್ಲ. ಅಂದೇ ಆ ಎರಡು ಸಾಲುಗಳನ್ನು ಕೆಂಪು ಶಾಯಿಯಲ್ಲಿ ಬರೆದುಕೊಂಡೆ.

ಕಾಗದಪತ್ರಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ವಿಮೆ, ನಿಯಮಾವಳಿಯ ಚಾಲ್ತಿ ಪ್ರತಿ, ದೂರುಗಳ ದಾಖಲೆ, ಅಪಾಯ ಅಂದಾಜಿನ ಪತ್ರ, ಮೀಟರಿನ ಕ್ಯಾಲಿಬ್ರೇಶನ್ ದಾಖಲೆ, ಇಷ್ಟನ್ನು ಒಂದು ಫೈಲಿನಲ್ಲಿ ಜೋಡಿಸಿಟ್ಟೆ. ಗೊತ್ತಿರುವ ರೋಧಗಳಿರುವ ಪೆಟ್ಟಿಗೆಯೊಂದಕ್ಕೆ ಮೀಟರನ್ನು ಪ್ರತಿ ತಿಂಗಳು ಹಿಡಿದು ಬಂದ ಅಂಕಿ ಬರೆದಿಟ್ಟದ್ದು ಉಪಯೋಗಕ್ಕೆ ಬಂತು.

ಮೌಲ್ಯಮಾಪಕರಿಗೆ ನಾನು ಎರಡು ಕೆಲಸ ತೋರಿಸಿದೆ: ಕನ್ಸ್ಯೂಮರ್ ಯೂನಿಟ್ ಬದಲಿಸಿದ ಒಂದು ಮನೆ, ಹೊಸ ಅಡಿಗೆಮನೆ ಸರ್ಕ್ಯೂಟ್ ಎಳೆದ ಇನ್ನೊಂದು ಮನೆ. ಮೊದಲ ಮನೆಯ ಸಾಕೆಟ್ ಸರ್ಕ್ಯೂಟಿನಲ್ಲಿ ಅವರ ಬೆರಳು ಒಂದು ಅಂಕಿಯ ಮೇಲೆ ನಿಂತಿತು. ಹೊರಗಿನ ಲೂಪ್ 0.20 ಓಮ್, ಸರ್ಕ್ಯೂಟಿನದು 0.35, ಕೂಡಿದರೆ 0.55 ಆಗಬೇಕು. ನಾನು ಅಳೆದು ಬರೆದದ್ದು 0.49. ನನ್ನ ಪೆನ್ಸಿಲ್ ಟಿಪ್ಪಣಿಯಲ್ಲಿ ಇದಕ್ಕೆ ಉತ್ತರವಿತ್ತು. ಹೊರಗಿನ ಲೂಪ್ ಅಳೆದದ್ದು ಅರ್ತಿಂಗ್ ವೈರನ್ನು ಬೇರ್ಪಡಿಸಿ. ಕೊನೆಯ ಅಳತೆಯ ಹೊತ್ತಿಗೆ ಗ್ಯಾಸ್ ಮತ್ತು ನೀರಿನ ಪೈಪುಗಳ ಬಾಂಡಿಂಗ್ (ಅವನ್ನು ಅರ್ತ್‌ಗೆ ಸೇರಿಸುವ ವೈರು) ಮರಳಿ ಸೇರಿದ್ದರಿಂದ, ಮಣ್ಣಿನ ಮೂಲಕ ಸಮಾಂತರ ದಾರಿಗಳು ತೆರೆದು ಅಂಕಿ ಇಳಿದಿತ್ತು. ಬಿ ವಿಧದ 32 ಆಂಪಿಯರ್ ಬ್ರೇಕರ್‌ಗೆ ನಿಯಮಾವಳಿಯ ಗರಿಷ್ಠ ಮಿತಿ 1.37, ತಣ್ಣಗಿರುವ ವೈರಿನಲ್ಲಿ ಅಳೆದಾಗ ಅದರ ಶೇಕಡಾ 80, ಅಂದರೆ ಸುಮಾರು 1.10ರ ಒಳಗಿರಬೇಕು ಎಂಬುದನ್ನೂ ಹೇಳಿದೆ. ಅವರು ತಲೆಯಾಡಿಸಿ ಮುಂದಿನ ಸಾಲಿಗೆ ಹೋದರು. ಕರೆಂಟ್ ಸೋರಿದರೆ ಸರ್ಕ್ಯೂಟ್ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಡಿ 24 ಮಿಲಿಸೆಕೆಂಡಿಗೆ ಬಿದ್ದದ್ದನ್ನು ಅವರೇ ನಿಂತು ನೋಡಿದರು, ಮಿತಿ 300.

ಎರಡನೇ ಮನೆಯಲ್ಲಿ ಒಂದು ಕೊರತೆ ಸಿಕ್ಕಿತು. ನೀರಿನ ಪೈಪಿಗೆ ಬಿಗಿದ ಬಾಂಡಿಂಗ್ ಕ್ಲ್ಯಾಂಪಿನ ಬಳಿ, ಈ ಜೋಡಣೆಯನ್ನು ತೆಗೆಯಬಾರದು ಎಂಬ ಎಚ್ಚರಿಕೆಯ ಪಟ್ಟಿ ಇರಲಿಲ್ಲ. ನಾಳೆ ಬರುವ ಪ್ಲಂಬರ್ ಅದನ್ನು ಬೇಡದ ತಂತಿಯೆಂದು ಬಿಚ್ಚಿಟ್ಟರೆ ಮನೆಯವರಿಗೆ ತಿಳಿಯುವುದೂ ಇಲ್ಲ. ಮರುದಿನ ಬೆಳಿಗ್ಗೆಯೇ ಹೋಗಿ ಪಟ್ಟಿ ಹಾಕಿ, ಅದರ ಫೋಟೊ ಕಳುಹಿಸಿದೆ. ಆ ವಾರದ ಕೊನೆಯಲ್ಲಿ ನೋಂದಣಿಯ ಪತ್ರ ಬಂತು. ಈಗ ಹೊಸ ಕೆಲಸ ಮುಗಿದ ಮೂವತ್ತು ದಿನಗಳ ಒಳಗೆ ಯೋಜನೆಯ ಮೂಲಕ ನಾನೇ ಅದನ್ನು ದಾಖಲಿಸುತ್ತೇನೆ, ಮತ್ತು ವ್ಯಾನಿನಲ್ಲಿ ಈ ಪಟ್ಟಿಗಳ ಒಂದು ಪೊಟ್ಟಣ ಸದಾ ಇರುತ್ತದೆ.