ಅರ್ಜಿ ಫೋಟೋಗೆ ಲೇಸರ್ ಪರೀಕ್ಷೆ: ನನ್ನ ಅನುಭವ

ನನ್ನದೂ ಒಂದು ಫೋಟೋ ಸ್ಟುಡಿಯೋ. ನಮ್ಮ ತಿಪಟೂರಿನ ಬೇರೆ ಸ್ಟುಡಿಯೋದವರು ನನ್ನನ್ನು ನೋಡಿ ನಕ್ಕಿದ್ದು ಎರಡು ಕಾರಣಕ್ಕೆ. 50 ರೂಪಾಯಿಗೆ 8 ಪಾಸ್‌ಪೋರ್ಟ್ ಫೋಟೋ ಕೊಡುವ ಊರಲ್ಲಿ ನಾನು 150 ಕೇಳುತ್ತೇನೆ. ಇನ್ನೊಂದು, ಬಣ್ಣದ ಫೋಟೋ ತೆಗೆದು, ಅದನ್ನು ಒಂದು ಹಳೇ ಕಪ್ಪು-ಬಿಳುಪು ಲೇಸರ್ ಪ್ರಿಂಟರಿಗೆ ಹಾಕಿ ನೋಡದೆ ಗಿರಾಕಿಗೆ ಕೊಡುವುದಿಲ್ಲ. ಈ ಸೀಸನ್ನಿನಲ್ಲಿ ನಕ್ಕವರಲ್ಲೇ ಇಬ್ಬರು ಫೋನ್ ಮಾಡಿ 'ಅಣ್ಣಾ, ಏನು ಸೆಟ್ಟಿಂಗು' ಅಂತ ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಹೇಳುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ಶುರುವಾಗಿದ್ದು ಸುಮಾರು ಐದು ವರ್ಷದ ಹಿಂದೆ. ಮೆಡಿಕಲ್ ಸೀಟಿನ ಪ್ರವೇಶ ಪರೀಕ್ಷೆ ನೀಟ್‌ಗೆ ಮುಂಚಿನ ದಿನ ಒಬ್ಬ ಹುಡುಗಿ ಅಳುತ್ತಾ ಬಂದಳು. ಹಾಲ್ ಟಿಕೆಟ್‌ನಲ್ಲಿ ಅವಳ ಮುಖ ಇರಲಿಲ್ಲ, ಕಪ್ಪು ಮಸಿ ಇತ್ತು. ನನ್ನ ಮಾನಿಟರಿನಲ್ಲಿ ಅದೇ ಫೋಟೋ ಚಿನ್ನದ ಹಾಗಿತ್ತು. ಫೈಲು 10ರಿಂದ 200 ಕೆಬಿ ಒಳಗೆ ಇರಬೇಕು ಅಂತ ನಿಯಮ ಅಲ್ವಾ, ಸೈಬರಿನ ಹುಡುಗ ಚಿಕ್ಕದಾದಷ್ಟು ಒಳ್ಳೇದು ಅಂದುಕೊಂಡು 12-13 ಕೆಬಿಗೆ ಹಿಂಡಿಬಿಟ್ಟಿದ್ದ. ಆದರೆ ತಪ್ಪು ನನ್ನದೂ ಇತ್ತು. ಚೆಂದ ಕಾಣಲಿ ಅಂತ ಒಂದೇ ಕಡೆಯಿಂದ ಲೈಟ್ ಕೊಟ್ಟಿದ್ದೆ, ಅರ್ಧ ಮುಖ ನೆರಳಲ್ಲಿತ್ತು. 'ದುಡ್ಡು ತಗೊಂಡಿದ್ದು ನೀವೇ ಅಲ್ವಾ ಅಣ್ಣಾ' ಅಂದರು ಅವರಮ್ಮ. ಆಧಾರ್ ನೋಡಿ ಒಳಗೆ ಬಿಟ್ಟರಂತೆ, ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ದುಡ್ಡು ಸುಟ್ಟಿದ್ದೇ ಸುಟ್ಟಿದ್ದು. ಬಿಳಿ ಹಿನ್ನೆಲೆಗೆ ಬೆಡ್‌ಶೀಟ್ ಕಟ್ಟಿದೆ, ಸುಕ್ಕು ಎದ್ದು ಕಂಡಿತು. ಫ್ಲೆಕ್ಸ್ ತರಿಸಿದೆ, 1,800ರ ಹತ್ತಿರ ಹೋಯಿತು, ಅದು ಕನ್ನಡಿ ಹಾಗೆ ಹೊಳೆಯುತ್ತಿತ್ತು. ಸಾಫ್ಟ್‌ವೇರಿನಲ್ಲಿ ಹಿನ್ನೆಲೆ ಕತ್ತರಿಸಿದರೆ ಕೂದಲಿನ ಸುತ್ತ ಬೂದು ಗೆರೆ, ಕಿವಿಯ ತುದಿ ಮಾಯ. ಕಿವಿ ಕಾಣಲೇಬೇಕು, ಮುಖ 80 ಪರ್ಸೆಂಟ್ ತುಂಬಿರಬೇಕು ಅಂತ ನೀಟ್‌ನವರೇ ಬರೆದಿರುತ್ತಾರೆ. ಕೊನೆಗೆ ಗೋಡೆಗೇ ಹೊಳಪಿಲ್ಲದ ಬಿಳಿ ಬಣ್ಣ ಹೊಡೆಸಿ, ಸ್ಟೂಲನ್ನು ನಾಲ್ಕೈದು ಅಡಿ ಮುಂದಕ್ಕೆ ಎಳೆದು, ಗೋಡೆಗೆ ಅಂತಲೇ ಬೇರೆ ಒಂದು ಲೈಟ್ ಇಟ್ಟೆ. ಅಲ್ಲಿಗೆ ಹಿನ್ನೆಲೆ ಕಥೆ ಮುಗಿಯಿತು.

ಬಿಳಿ ಯೂನಿಫಾರ್ಮ್ ಇನ್ನೊಂದು ಗೋಳು. ಬಿಳಿ ಗೋಡೆ ಮುಂದೆ ಬರೀ ತಲೆ ತೇಲುತ್ತದೆ. ಎರಡು ನೀಲಿ ಶರ್ಟ್, ಒಂದು ಮೆರೂನ್ ದುಪಟ್ಟಾ ಇಟ್ಟಿದ್ದೇನೆ. 'ಯಾರ್ಯಾರೋ ಹಾಕಿದ್ದು' ಅಂತ ಮುಖ ಸಿಂಡರಿಸುವ ಅಮ್ಮಂದಿರಿಗೆ, ನಿನ್ನೆ ತಾನೇ ಒಗೆದಿದ್ದು ಅನ್ನುತ್ತೇನೆ. ಹೆಚ್ಚಿನ ಸಲ ನಿಜವೇ.

ಈಗ ಲೇಸರ್ ವಿಷಯ. ಮಕ್ಕಳು ಹಾಲ್ ಟಿಕೆಟ್ ತೆಗೆಸುವುದು ಎಲ್ಲಿ? ಸೈಬರಿನಲ್ಲಿ, 5 ರೂಪಾಯಿಗೆ, ಟೋನರ್ ಸತ್ತ ಮಷಿನ್ನಿನಲ್ಲಿ. ಅಂದಮೇಲೆ ಫೋಟೋ ಚೆನ್ನಾಗಿ ಕಾಣಬೇಕಾದ್ದು ಅಲ್ಲಿ, ನನ್ನ ಮಾನಿಟರಿನಲ್ಲಿ ಅಲ್ಲ. 4,500 ಕೊಟ್ಟು ಸೆಕೆಂಡ್ ಹ್ಯಾಂಡ್ ಪ್ರಿಂಟರ್ ತಂದೆ, ಬೇಕಂತಲೇ ಅದರ ಸವೆದ ಡ್ರಮ್ (ಕಾಗದಕ್ಕೆ ಟೋನರ್ ಪುಡಿ ಹತ್ತಿಸುವ ಉರುಳೆ) ಬದಲಾಯಿಸಲಿಲ್ಲ. ಪಾಸ್‌ಪೋರ್ಟ್ ಸೈಜಿನಲ್ಲಿ ತೆಗೆದು ನೋಡುತ್ತೇನೆ. ಹುಬ್ಬು, ಗಲ್ಲದ ಗೆರೆ, ಎರಡೂ ಕಿವಿ ಬೇರೆ ಬೇರೆಯಾಗಿ ಕಂಡರೆ ಪಾಸು. ಇಲ್ಲದಿದ್ದರೆ ನೆರಳನ್ನು ಮೇಲೆತ್ತಬೇಕು, ಅಂದರೆ ಕಪ್ಪಾಗಿರುವ ಜಾಗ ಮಾತ್ರ ತಿಳಿ ಮಾಡಬೇಕು. ಮುಖಕ್ಕೆ ಬಿಳಿ ಬಳಿಯುವುದು ಬೇರೆ, ಇದು ಬೇರೆ. ಬಿಳಿ ಬಳಿದರೆ ಲೇಸರಿನಲ್ಲಿ ಮೂಗೇ ಹೋಗುತ್ತದೆ. ಯಾವ ಮೈಬಣ್ಣಕ್ಕೆ ಎಷ್ಟು ಎತ್ತಬೇಕು ಅನ್ನುವುದು ನನ್ನ ಹೊಟ್ಟೆಪಾಡು, ಅದನ್ನು ಕೇಳಬೇಡಿ. ಕೆಳಗಿನಿಂದ ಬೆಳಕು ಮುಖಕ್ಕೆ ತಿರುಗಲಿ ಅಂತ ತೊಡೆ ಮೇಲೆ ಥರ್ಮೊಕೋಲ್ ಇಡುವುದು ನಿಮಗೂ ಗೊತ್ತು.

ಫೋಟೋ ರಿಜೆಕ್ಟ್ ಆದರೆ ದುಡ್ಡು ವಾಪಸ್ ಅಂತ ಬೋರ್ಡ್ ಹಾಕಿದ್ದೆ. ಮೊದಲ ವರ್ಷ 3,000ಕ್ಕಿಂತ ಜಾಸ್ತಿ ವಾಪಸ್ ಕೊಟ್ಟೆ. ವಿಚಾರಿಸಿದರೆ ಮುಕ್ಕಾಲು ಪಾಲು ಫೋಟೋದ ತಪ್ಪೇ ಅಲ್ಲ, ಫೋಟೋ ಹಾಕುವ ಕಡೆ ಸಹಿ, ಸಹಿ ಹಾಕುವ ಕಡೆ ಫೋಟೋ ಏರಿಸಿದ್ದರು. ಈಗ ಫೋಟೋ, ಪೋಸ್ಟ್‌ಕಾರ್ಡ್ ಸೈಜು, ಸಹಿ ಮೂರಕ್ಕೂ ಕನ್ನಡದಲ್ಲೇ ಚೀಟಿ ಬರೆದು, ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸುತ್ತೇನೆ. ಹೆಬ್ಬೆಟ್ಟಿನ ಗುರುತೂ ನಾನೇ ತೆಗೆಸುತ್ತೇನೆ. ಮೊದಲು ರದ್ದಿ ಕಾಗದಕ್ಕೆ ಒಂದು ಸಲ ಒತ್ತಿಸಿ, ಎರಡನೇ ಒತ್ತು ಇಟ್ಟುಕೊಂಡರೆ ಗೆರೆಗಳು ಬಿಡಿಸಿ ಕಾಣುತ್ತವೆ. ಹೋದ ಸೀಸನ್ನಿನಲ್ಲಿ ನಾನೂರರ ಹತ್ತಿರ ಮಕ್ಕಳು ಬಂದರು, ವಾಪಸ್ ಕೊಟ್ಟಿದ್ದು ಎರಡೇ.

150ಕ್ಕೆ ಫೈಲ್ ಜೊತೆ 8 ಪಾಸ್‌ಪೋರ್ಟ್, 4 ಪೋಸ್ಟ್‌ಕಾರ್ಡ್. ಅರ್ಜಿಗೆ ಏರಿಸಿದ ಫೋಟೋವೇ ಪರೀಕ್ಷೆ ದಿನ ಹಾಜರಿ ಹಾಳೆಗೂ ಬೇಕು, ಪೋಸ್ಟ್‌ಕಾರ್ಡ್ ಸೈಜಿನದು ಹಾಲ್ ಟಿಕೆಟ್ ಜೊತೆಗಿನ ಹಾಳೆಗೆ ಅಂಟಿಸಬೇಕು, ಆಮೇಲೆ ಕೌನ್ಸೆಲಿಂಗ್ ಇದ್ದೇ ಇದೆ. ಒಂದೇ ಸಿಟ್ಟಿಂಗ್‌ನಲ್ಲಿ ಎಲ್ಲ ಮುಗಿಯುತ್ತದೆ. ಖರ್ಚು ಕಳೆದು ನನಗೆ 70-80 ಉಳಿಯುತ್ತದೆ.

ಒಂದು ವ್ಯಾಪಾರ ಮಾತ್ರ ನಾನೇ ಕೆಡಿಸಿಕೊಂಡೆ. ಅಮೆರಿಕದ ಕಾಲೇಜಿಗೆ ಅರ್ಜಿ ಹಾಕುವ ಹುಡುಗನನ್ನು ಅವರಪ್ಪ ಸೂಟು ಹಾಕಿಸಿ ಕರೆತಂದಿದ್ದರು. ಅಲ್ಲಿ ಬಹಳ ಕಾಲೇಜುಗಳು ತಗೊಳ್ಳುವ ಕಾಮನ್ ಆ್ಯಪ್ ಅರ್ಜಿಯಲ್ಲಿ ಫೋಟೋಗೆ ಜಾಗವೇ ಇಲ್ಲ ಅಂತ ಹುಡುಗ ಗೊಣಗುತ್ತಿದ್ದ. 1920ರ ದಶಕದಲ್ಲಿ ಹಾರ್ವರ್ಡ್‌ನವರು ಅರ್ಜಿ ಜೊತೆ ಫೋಟೋ ಕೇಳಲು ಶುರು ಮಾಡಿದ್ದು ಯಹೂದಿ ಹುಡುಗರ ಸಂಖ್ಯೆ ಇಳಿಸಲಿಕ್ಕಂತೆ, ಅದನ್ನೂ ಅವನೇ ಹೇಳಿದ್ದು. ನಾಟಕ, ಸಂಗೀತ ನಾಟಕದಂಥ ಕೋರ್ಸಿಗೆ ಕೇಳುವವರಿದ್ದಾರೆ, ಇವನದು ಕಂಪ್ಯೂಟರ್. ಕೇಳದೇ ಇರುವ ಕಡೆ ಸುಮ್ನೆ ಯಾಕೆ ಅಂಟಿಸುತ್ತೀರಿ ಸಾರ್ ಅಂದೆ. 600ರ ಆರ್ಡರ್ ಹೋಯಿತು. ಆದರೆ ಸೂಟು ಹಾಕಿಸಿದ್ದೀವಲ್ಲ ಅಂತ ಅವರಪ್ಪ ಮನೆಗೆ ಒಂದು ಫ್ರೇಮ್ ಮಾಡಿಸಿದರು, 450 ಬಂತು.

ಆ ಲೇಸರ್ ಮಷಿನ್ ಈಗ ಪೂರ್ತಿ ಕೈಕೊಡುವ ಹಂತದಲ್ಲಿದೆ. ಹೊಸ ಡ್ರಮ್ ಹಾಕಿಸಿದರೆ ಚೆನ್ನಾಗಿ ಪ್ರಿಂಟ್ ಬರುತ್ತದೆ ಅಂತ ಮೆಕ್ಯಾನಿಕ್ ಅನ್ನುತ್ತಾನೆ, ಅದೇ ನನಗೆ ಬೇಡ. ಇಷ್ಟೇ ಕೆಟ್ಟದಾಗಿ ಪ್ರಿಂಟ್ ಮಾಡುವ ಹಳೇ ಮಷಿನ್ ನಿಮ್ಮಲ್ಲಿ ಯಾರ ಹತ್ತಿರವಾದರೂ ಬಿದ್ದಿದ್ದರೆ ಹೇಳಿ, 2,000ದವರೆಗೆ ಕೊಡುತ್ತೇನೆ.