ಪಹಣಿ ಮತ್ತು ಪಡಿತರ ಚೀಟಿ ನೋಡಿ ಬನ್ನಿ: ಕಾಲೇಜಿನಲ್ಲಿ ಸ್ತ್ರೀವಾದಕ್ಕೊಂದು ದಿನ

ಮೊದಲ ಸಲ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಮಾರ್ಚ್ 8ರ ಮಹಿಳಾ ದಿನ, ರಂಗೋಲಿ ಸ್ಪರ್ಧೆ, ಹುಡುಗಿಯರಿಗೆ ಗುಲಾಬಿ, ಮುಖ್ಯ ಅತಿಥಿಗಳ ಒಂದು ಗಂಟೆಯ ಭಾಷಣ. ಹುಡುಗರು ಕ್ಯಾಂಟೀನಿನಲ್ಲಿದ್ದರು. ಹುಡುಗಿಯರು ಸಭಾಂಗಣದಲ್ಲಿ ಉಳಿದದ್ದು ಬಾಗಿಲಲ್ಲಿ ನಾನು ನಿಂತಿದ್ದರಿಂದ. ತಾಲ್ಲೂಕು ಕೇಂದ್ರದ ಪದವಿ ಕಾಲೇಜಿನ ಎನ್‌ಎಸ್‌ಎಸ್ ಅಧಿಕಾರಿಯಾಗಿ ಆಮೇಲೆ ನಾಲ್ಕು ಸಲ ಈ ದಿನವನ್ನು ಬೇರೆ ರೀತಿಯಲ್ಲಿ ನಡೆಸಿದ್ದೇನೆ.

ದಿನ ಗೊತ್ತು ಮಾಡುವ ಮೊದಲು ಬಸ್ಸಿನ ವೇಳೆ ವಿಚಾರಿಸಿ. ನಮ್ಮಲ್ಲಿ ಹಳ್ಳಿಗಳ ಕಡೆಗೆ ಕೊನೆಯ ಬಸ್ಸು ನಾಲ್ಕೂಕಾಲಿಗೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಟಿಕೆಟ್ಟಿನ ಚಿಂತೆ ತಪ್ಪಿತು. ತಡವಾದರೆ ಮನೆಯಲ್ಲಿ ಉತ್ತರ ಹೇಳುವ ಚಿಂತೆ ತಪ್ಪಿಲ್ಲ. ಭಾನುವಾರವಂತೂ ಬೇಡ. ಅಂದು ಅವರಿಗೆ ವಾರದ ಬಟ್ಟೆ ಒಗೆಯುವ ದಿನ.

ನೋಟಿಸಿನಲ್ಲಿ ‘ಸ್ತ್ರೀವಾದ’ ಎಂದು ಬರೆದರೆ ಯಾರೂ ಬರುವುದಿಲ್ಲ, ‘ಮಹಿಳಾ ಜಾಗೃತಿ’ ಎನ್ನಿ ಎಂದು ಸಲಹೆ ಕೊಡುವವರು ಸಿಗುತ್ತಾರೆ. ನಾನು ಬರೆಯುತ್ತೇನೆ. ನಾವೇ ಮುಚ್ಚಿಟ್ಟ ಪದವನ್ನು ಮಕ್ಕಳು ಬೈಗುಳ ಎಂದುಕೊಳ್ಳದೆ ಇನ್ನೇನು ಮಾಡಿಯಾರು? ಅದರ ಕೆಳಗೆ ಒಂದು ಸಾಲು: ‘ಮನೆಯ ಪಡಿತರ ಚೀಟಿ ಮತ್ತು ಪಹಣಿಯನ್ನು ನೋಡಿಕೊಂಡು ಬನ್ನಿ.’ ಹುಡುಗರನ್ನು ಒಳಗೆ ತಂದದ್ದು ಈ ಸಾಲು. ಜಮೀನಿನ ಮಾತೆಂದರೆ ಅವರಿಗೆ ತಮ್ಮದೇ ಮಾತು.

ಗೋಡೆಗೆ ಎರಡು ದೊಡ್ಡ ಹಾಳೆ ಅಂಟಿಸಿ. ಒಂದರಲ್ಲಿ ಪಡಿತರ ಚೀಟಿಯ ಯಜಮಾನರು ಹೆಂಗಸೋ ಗಂಡಸೋ, ಇನ್ನೊಂದರಲ್ಲಿ ಪಹಣಿಯ ಮಾಲೀಕರು ಹೆಂಗಸೋ ಗಂಡಸೋ ಎಂದು ಗೀಟು ಹಾಕಿಸಿ. ಹೆಸರು ಬರೆಸಬೇಡಿ. ನೆಲವೇ ಇಲ್ಲದ ಮನೆಗಳಿಗೆ ‘ಪಹಣಿ ಇಲ್ಲ’ ಎಂಬ ಕಾಲಂ ಇರಲೇಬೇಕು. ಹೀಗೆ ನಡೆಸಿದ ಮೊದಲ ವರ್ಷ ನಾನದನ್ನು ಮರೆತು, ಹಿಂದಿನ ಬೆಂಚಿನ ಏಳೆಂಟು ಮಕ್ಕಳು ತಲೆ ತಗ್ಗಿಸಿ ಕೂತದ್ದನ್ನು ನೋಡಿ ನಾಚಿದೆ. ಗೀಟು ಹಾಕಿ ಮುಗಿದ ಮೇಲೆ ನೀವು ಸುಮ್ಮನಿರಿ. ಅಕ್ಕಿ ಕೊಡುವ ಚೀಟಿಯಲ್ಲಿ ಅಮ್ಮ ಯಜಮಾನಿ, ಅಕ್ಕಿ ಬೆಳೆಯುವ ನೆಲದಲ್ಲಿ ಅವಳ ಹೆಸರಿಲ್ಲ. ಇದನ್ನು ಮಕ್ಕಳೇ ಹೇಳುವವರೆಗೆ ಕಾಯಬೇಕು. ಕಾಯುವುದೇ ಕಷ್ಟ, ಮೇಷ್ಟರುಗಳಿಗೆ ಮಾತು ತಡೆಯುವುದಿಲ್ಲ.

ಆಮೇಲೆ ಕಾನೂನು ಹೇಳಿ. ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ಹೆಂಗಸನ್ನು ಯಜಮಾನಿ ಮಾಡಿದ್ದು 2013ರ ಆಹಾರ ಭದ್ರತಾ ಕಾಯ್ದೆ. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕೆಂದು ದೇಶಕ್ಕೆಲ್ಲ ಅನ್ವಯಿಸಿದ್ದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ. ಅದು ಜಾರಿಗೆ ಬಂದ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಈ ಭಾಗಕ್ಕೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಪತ್ರ ಬರೆದು ವಕೀಲರನ್ನು ಕರೆಸಿ. ಶಾಲು, ಹಾರ ಬೇಡ.

ಊಟದ ನಂತರ ನಿದ್ದೆ ಬರುವ ಹೊತ್ತಿಗೆ ಗಡಿಯಾರದ ಆಟ. ಅಮ್ಮನ ಇಪ್ಪತ್ತನಾಲ್ಕು ಗಂಟೆ ಒಂದು ವೃತ್ತದಲ್ಲಿ, ತಮ್ಮದು ಇನ್ನೊಂದರಲ್ಲಿ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವವರನ್ನಷ್ಟೇ ಲೆಕ್ಕಕ್ಕೆ ಹಿಡಿದರೂ, ಹೆಂಗಸರದು ದಿನಕ್ಕೆ 289 ನಿಮಿಷ, ಗಂಡಸರದು 88. ಈ ಅಂಕಿಗಳನ್ನು ವೃತ್ತ ಬರೆದಾದ ಮೇಲೆ ಹೇಳಿ. ಮೊದಲೇ ಹೇಳಿದರೆ ಅದನ್ನೇ ನಕಲು ಮಾಡುತ್ತಾರೆ.

ಖರ್ಚು ಎಂಬತ್ತು ಮಕ್ಕಳಿಗೆ ಮೂರು ಸಾವಿರದ ಆಸುಪಾಸು: ಹಾಳೆ, ಮಾರ್ಕರ್, ಮಂಡಕ್ಕಿ, ಚಹಾ. ಫೋಟೊ ಬೇಡ. ಮನೆಯ ಕಷ್ಟ ಹೇಳಿಕೊಳ್ಳಲು ಯಾರನ್ನೂ ಎದ್ದು ನಿಲ್ಲಿಸಬೇಡಿ. ಮಹಿಳಾ ಸಹಾಯವಾಣಿ 181 ಬೋರ್ಡಿನ ಮೂಲೆಯಲ್ಲಿರಲಿ.

ಕೇಳಲಾಗದ ಪ್ರಶ್ನೆಗಳಿಗೆ ಒಂದು ಡಬ್ಬಿ ಇಡಿ, ಎಲ್ಲರಿಗೂ ಒಂದೇ ಬಗೆಯ ಚೀಟಿ, ಪೆನ್ಸಿಲ್ ಕೊಡಿ. ಡಬ್ಬಿಯನ್ನು ಚಹಾಕ್ಕೆ ಮೊದಲೇ ತೆರೆಯಿರಿ. ಕಳೆದ ವರ್ಷ ನಾನು ಕೊನೆಗಿಟ್ಟಿದ್ದೆ. ‘ಅಕ್ಕನ ಮದುವೆಯಲ್ಲಿ ಅವಳಿಂದ ಹಕ್ಕು ಬಿಡುಗಡೆಗೆ ಸಹಿ ಹಾಕಿಸಿಕೊಂಡಿದ್ದೇವೆ. ಈಗ ನಾನು ವಾಪಸ್ ಕೊಡಬಹುದೇ?’ ಎಂಬ ಚೀಟಿ ಬಂತು. ಯಾವನೋ ತಮ್ಮ ಬರೆದದ್ದು. ಕೊಡಬಹುದು, ಅದಕ್ಕೆ ದಾರಿಗಳಿವೆ ಎಂದು ವಕೀಲರು ವಿವರಿಸತೊಡಗಿದರು, ಹುಡುಗರು ಮೇಲಿಂದ ಮೇಲೆ ಕೇಳತೊಡಗಿದರು, ನಾಲ್ಕೂಕಾಲರ ಬಸ್ಸು ಹೋಯಿತು. ಹದಿನಾಲ್ಕು ಹುಡುಗಿಯರನ್ನು ಎರಡು ಆಟೋಗಳಲ್ಲಿ ತುಂಬಿಕೊಂಡು ಮನೆ ಮನೆಗೆ ಬಿಟ್ಟು ಬಂದೆ.